ಕೂಸಿನ ಬಾಯಿ ನೋಡುವ ದಿನ ಗುರುವಾರವಾಗಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ದಂತ ಕಾಲೇಜಿನ ಹುಡುಗ ಹುಡುಗಿಯರು ಕರಾವಳಿಯ ಊರುಗಳಿಗೆ ಬಂದು ಹಸುಗೂಸುಗಳ ಬಾಯಿ ತೆರೆಸಿ ಏನೋ ಬಳಿದು ಹೋಗುತ್ತಾರಂತೆ. ಕಲಿಯುವವರ ಕೈಗೆ ಬಡವರ ಮಕ್ಕಳೇ ಸಿಗಬೇಕೇ, ಹಲ್ಲೇ ನೆಟ್ಟಗೆ ಬಾರದ ಕೂಸಿಗೆ ಹಲ್ಲಿನ ಡಾಕ್ಟರು ಯಾತಕ್ಕೆ ಎಂದು ಅವರ ಪ್ರಶ್ನೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅಂಥ ಒಂದು ಕ್ಲಿನಿಕ್ಕಿನ ಬೀಗದ ಕೈ ಈಗ ನನ್ನ ಹತ್ತಿರ ಇರುತ್ತದೆ. ಬಾಗಿಲು ತೆಗೆಯುವವಳು, ಕಸ ಗುಡಿಸಿ ಚಾಪೆ ಹಾಸುವವಳು, ಕೂಸು ಅತ್ತಾಗ ತಾಯಿಗೆ ಧೈರ್ಯ ಹೇಳುವವಳು ನಾನೇ. ಹಾಗಾಗಿ ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ದಯವಿಟ್ಟು ಕತ್ತರಿಸಬೇಡಿ.

ನಾನು ಅಂಕೋಲಾ ತಾಲೂಕಿನ ಸಮುದ್ರದಂಚಿನ ಒಂದು ಊರಿನವಳು. 31 ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದೆ. ಊರಿನವರು ಇವತ್ತಿಗೂ ‘ಅಕ್ಕೋರೇ’ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಮೀನುಗಾರರ ಮನೆಗಳಿವೆ, ಹಾಲಕ್ಕಿ ಒಕ್ಕಲಿಗರ ಕೊಪ್ಪವಿದೆ, ಗದ್ದೆ ಮಾಡುವವರಿದ್ದಾರೆ. ತಿಂಗಳಿಗೊಮ್ಮೆ, ಒಂದು ಭಾನುವಾರ, ಘಟ್ಟದ ಮೇಲಿನ ಒಂದು ದಂತ ಕಾಲೇಜಿನಿಂದ ಐದಾರು ವಿದ್ಯಾರ್ಥಿಗಳು, ಜೊತೆಗೆ ಮಕ್ಕಳ ದಂತ ವಿಭಾಗದ ಒಬ್ಬ ಮೇಡಂ, ಆರಬೈಲ್ ಘಟ್ಟ ಇಳಿದು ನಮ್ಮ ಸಮುದಾಯ ಭವನಕ್ಕೆ ಬರುತ್ತಾರೆ. ಬಿಡಿಎಸ್ ಎಂಬ ಹಲ್ಲಿನ ಡಾಕ್ಟರ ಪದವಿ ಎಂದರೆ ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಬರುವವರು ಹೆಚ್ಚಿನವರು ಆ ಕೊನೆಯ ವರ್ಷದವರು. ಹಳ್ಳಿಯಲ್ಲಿ ಕೆಲಸ ಮಾಡಬೇಕೆಂದು ಅವರ ಇಂಟರ್ನ್‌ಶಿಪ್ಪಿನಲ್ಲೇ ಒಂದು ಪಾಲು ಇದೆ. ಆದರೆ ಈ ಭಾನುವಾರಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ರಜೆಯ ದಿನ ಬಿಟ್ಟು ಬರುತ್ತಾರೆ. ಗಾಡಿಯ ಡೀಸೆಲ್ಲಿಗೆ ತಾವೇ ಹಣ ಹಾಕಿಕೊಂಡು ಬಂದ ದಿನವನ್ನೂ ನಾನು ನೋಡಿದ್ದೇನೆ.

ಪತ್ರ ಬರೆದವರಿಗೆ ಅಲ್ಲಿ ಏನು ನಡೆಯುತ್ತದೆ ಎಂದು ಮೊದಲು ಹೇಳಬೇಕು. ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ತಾಯಿ, ಎದುರಿಗೆ ವಿದ್ಯಾರ್ಥಿನಿ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ನಡುವೆ ತೊಡೆಗಳ ಮೇಲೆ ಒಂದು ಟವೆಲ್. ಕೂಸನ್ನು ತಾಯಿ ತನ್ನ ಕಡೆ ಮುಖ ಮಾಡಿ ಕೂರಿಸಿಕೊಂಡು, ಅದರ ಕಾಲು ತನ್ನ ಸೊಂಟದ ಆಚೀಚೆ ಬರುವ ಹಾಗೆ ಹಿಡಿದು, ಮೆಲ್ಲಗೆ ಹಿಂದಕ್ಕೆ ಮಲಗಿಸುತ್ತಾಳೆ. ತಲೆ ವಿದ್ಯಾರ್ಥಿನಿಯ ತೊಡೆಯ ಮೇಲೆ. ಹೀಗೆ ಮಲಗಿದ ಕೂಸಿಗೆ ಕಾಣುವುದು ತಾಯಿಯ ಮುಖ, ಕೈ ಹಿಡಿದಿರುವವಳೂ ತಾಯಿ. ವಿದ್ಯಾರ್ಥಿನಿ ತೋರುಬೆರಳಿನಲ್ಲಿ ಮೇಲ್ತುಟಿ ಎತ್ತಿ ಸಣ್ಣ ಟಾರ್ಚಿನಲ್ಲಿ ನೋಡುತ್ತಾಳೆ. ಕೂಸು ಅಳುತ್ತದೆ, ಅಳದೆ ಇರುತ್ತದೆಯೇ. ಆದರೆ ಅತ್ತಾಗ ಬಾಯಿ ಪೂರ್ತಿ ತೆರೆಯುವುದರಿಂದ ಹಿಂದಿನ ಒಸಡೂ ಕಾಣುತ್ತದೆ. ಒಂದು ನಿಮಿಷ, ಹೆಚ್ಚೆಂದರೆ ಎರಡು. ಗಾಜ್ ಬಟ್ಟೆಯಲ್ಲಿ ಹಲ್ಲು ಒರೆಸಿ, ಬೇಕಾದವರಿಗೆ ಚಿಕ್ಕ ಕುಂಚದಲ್ಲಿ ವಾರ್ನಿಷ್, ಅಂದರೆ ಹಲ್ಲು ಗಟ್ಟಿಮಾಡುವ ಫ್ಲೋರೈಡ್ ಲೇಪ, ಬಳಿಯುತ್ತಾರೆ. ಡ್ರಿಲ್ ಇಲ್ಲ, ಸೂಜಿ ಇಲ್ಲ, ಇಕ್ಕಳವಂತೂ ಆ ಕೋಣೆಗೆ ಬರುವುದೇ ಇಲ್ಲ. ಮೇಡಂ ಬಂದು ತಾವೂ ತುಟಿ ಎತ್ತಿ ನೋಡುವ ತನಕ ಯಾವ ವಿದ್ಯಾರ್ಥಿಯೂ ವಾರ್ನಿಷ್ಷಿನ ಪೊಟ್ಟಣ ಒಡೆಯುವ ಹಾಗಿಲ್ಲ. ಕೀಳುವುದು, ತುಂಬುವುದು ಬೇಕಾದ ಮಗುವಿದ್ದರೆ ಚೀಟಿ ಬರೆದು ಕಳಿಸುತ್ತಾರೆ.

ಇಷ್ಟಾದ ಮೇಲೆ ಕೂಸು ತಾಯಿಯ ಮಡಿಲಿಗೆ. ನಿಜವಾದ ಕೆಲಸ ಶುರುವಾಗುವುದು ಆಗ. ಕಾಲು ಗಂಟೆ ಕೂತು ಮಾತಾಡುತ್ತಾರೆ. ರಾತ್ರಿ ಏನು ಕುಡಿಸುತ್ತೀರಿ, ಯಾತರಲ್ಲಿ ಕುಡಿಸುತ್ತೀರಿ, ಮನೆಯಲ್ಲಿ ಯಾರು ಉಣಿಸುತ್ತಾರೆ. ನಮ್ಮ ತಾಲೂಕಿನ ಯಾವ ದವಾಖಾನೆಯ ಸಾಲಿನಲ್ಲಿ ನಿಂತರೂ ಒಬ್ಬ ಮೀನು ಮಾರುವ ಹೆಂಗಸಿಗೆ ಕಾಲು ಗಂಟೆ ಯಾರೂ ಕೊಡುವುದಿಲ್ಲ. ಅದು ಅಲ್ಲಿಯ ಡಾಕ್ಟರರ ತಪ್ಪೂ ಅಲ್ಲ, ಸಾಲು ಅಷ್ಟು ಉದ್ದ ಇರುತ್ತದೆ.

ಹಲ್ಲೇ ಬಾರದ ಕೂಸಿಗೆ ಯಾತಕ್ಕೆ ಎನ್ನುವ ಮಾತಿಗೆ ಬರುತ್ತೇನೆ. ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಕೆಳಗಿನ ಎರಡು ಹಲ್ಲು ಮೊಳೆಯುತ್ತವೆ, ಎರಡೂವರೆಯಿಂದ ಮೂರು ವರ್ಷದೊಳಗೆ ಇಪ್ಪತ್ತೂ ಬಂದಿರುತ್ತವೆ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಬಾಯಿ ತೋರಿಸಬೇಕು ಎಂಬುದು ಮಕ್ಕಳ ಹಲ್ಲಿನ ವೈದ್ಯರು ಎಲ್ಲೆಡೆ ಹೇಳುವ ಮಾತು. ನಾವು ಕರೆದುಕೊಂಡು ಹೋಗುವುದು ಯಾವಾಗ? ಗಲ್ಲ ಊದಿ, ಮಗು ರಾತ್ರಿಯಿಡೀ ಕೂಗಿ, ಲವಂಗದೆಣ್ಣೆ ಇಟ್ಟು, ಹರಕೆ ಹೊತ್ತು, ಅದೂ ಆಗದೆ ಹೋದ ಮೇಲೆ. ಆ ಹೊತ್ತಿಗೆ ಉಳಿಸುವುದಕ್ಕೆ ಹಲ್ಲೇ ಇರುವುದಿಲ್ಲ.

ಹುಳುಕು ಶುರುವಾಗುವುದು ಕಪ್ಪಾಗಿ ಅಲ್ಲ, ಬಿಳಿಯಾಗಿ. ಇದು ನನಗೆ ಗೊತ್ತೇ ಇರಲಿಲ್ಲ. ಮೇಲಿನ ಮುಂದಿನ ನಾಲ್ಕು ಹಲ್ಲುಗಳಲ್ಲಿ, ಒಸಡಿನ ಅಂಚಿಗೆ, ಸುಣ್ಣದ ಗೆರೆ ಎಳೆದ ಹಾಗೆ ಮಂಕಾದ ಬಿಳಿ ಕಾಣುತ್ತದೆ. ತುಟಿ ಎತ್ತದೆ ಅದು ಕಾಣುವುದೇ ಇಲ್ಲ. ಆ ಹಂತದಲ್ಲಿ ಸಿಹಿ ಕಡಿಮೆ ಮಾಡಿ, ಫ್ಲೋರೈಡ್ ಕೊಟ್ಟರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಬಿಟ್ಟರೆ ಹಳದಿ, ಕಂದು, ಕಪ್ಪು, ಆಮೇಲೆ ಮುರಿದು ಬೇರು ಮಾತ್ರ. ನನ್ನ ಮಗಳ ಕೂಸಿಗೆ ಹದಿನಾಲ್ಕು ತಿಂಗಳಾದಾಗ ಆ ಗೆರೆ ಇತ್ತು. ನಾನು ದಿನಾ ಎತ್ತಿ ಆಡಿಸುತ್ತಿದ್ದ ಕೂಸು, ನಕ್ಕರೆ ಹಲ್ಲು ಕಾಣುತ್ತಿತ್ತು, ಗೆರೆ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತುಟಿ ಎತ್ತಿ ತೋರಿಸಿದವಳು ಇಪ್ಪತ್ತಮೂರು ವರ್ಷದ ಒಬ್ಬ ಹುಡುಗಿ. ರಾತ್ರಿಯ ಬಾಟಲಿ ನಿಲ್ಲಿಸಿದೆವು, ವಾರ್ನಿಷ್ ಹಾಕಿಸಿದೆವು, ದಿನಕ್ಕೆರಡು ಸಲ ಹಲ್ಲುಜ್ಜಿದೆವು. ಈಗ ಅದಕ್ಕೆ ಮೂರು ತುಂಬಿದೆ, ನಾಲ್ಕೂ ಹಲ್ಲು ಹಾಗೇ ಇವೆ.

ಮೇಲಿನ ಹಲ್ಲುಗಳೇ ಯಾಕೆ ಎಂದು ನಾನು ಆ ಹುಡುಗಿಯನ್ನು ಕೇಳಿದೆ. ಬಾಟಲಿ ಬಾಯಲ್ಲಿಟ್ಟುಕೊಂಡು ನಿದ್ದೆ ಹೋದ ಕೂಸಿನ ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಹತ್ತಿರದಲ್ಲೇ ಜೊಲ್ಲೂ ಒಸರುತ್ತಿರುತ್ತದೆ. ಮೇಲಿನ ಹಲ್ಲುಗಳ ಸುತ್ತ ಸಕ್ಕರೆ ಹಾಕಿದ ಹಾಲು ನಿಂತೇ ಇರುತ್ತದೆ. ನಿದ್ದೆಯಲ್ಲಿ ಜೊಲ್ಲು ಒಸರುವುದೂ ಕಡಿಮೆ, ತೊಳೆಯುವವರು ಯಾರೂ ಇಲ್ಲ. ಬಾಯಿಯ ರೋಗಾಣು ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ನಮ್ಮಲ್ಲಿ ‘ಹಲ್ಲಿಗೆ ಹುಳ ಬಿದ್ದಿದೆ’ ಎನ್ನುತ್ತೇವಲ್ಲ, ಹುಳವಿಲ್ಲ. ಕಣ್ಣಿಗೆ ಕಾಣದ ರೋಗಾಣು ಇದೆ, ಮತ್ತೆ ಅದು ಕೂಸಿನ ಬಾಯಿಗೆ ಬರುವುದು ಹೆಚ್ಚಾಗಿ ಉಣಿಸುವವರ ಬಾಯಿಂದಲೇ.

ಇಲ್ಲಿ ನಮ್ಮ ಕಡೆಯ ವಿಷಯ ಹೇಳಬೇಕು. ನಮ್ಮ ಅಜ್ಜಿಯರು ಕವಳ, ಅಂದರೆ ಎಲೆಯಡಿಕೆ, ಹಾಕುವವರು. ಬಾಯಲ್ಲಿ ಕವಳ, ಕೈಯಲ್ಲಿ ಕೂಸು. ಕೂಸಿನ ಗಂಜಿಯಂಥ ಮಣ್ಣಿ ಬಿಸಿಯಾಗಿದೆಯೇ ಎಂದು ತಮ್ಮ ಬಾಯಿಗೆ ಹಾಕಿ ನೋಡಿ ಅದೇ ಚಮಚ ಕೂಸಿನ ಬಾಯಿಗೆ. ಅನ್ನ ಗಟ್ಟಿಯಿದ್ದರೆ ತಾವೇ ಅಗಿದು ಮೆತ್ತಗೆ ಮಾಡಿ ಕೊಡುವವರೂ ಇದ್ದಾರೆ. ಪ್ರೀತಿಯಿಂದಲೇ ಮಾಡುವುದು, ಅದರಲ್ಲಿ ಎರಡು ಮಾತಿಲ್ಲ. ಇನ್ನು ಜೋನಿಬೆಲ್ಲ, ಅಂದರೆ ನೀರಾಗಿರುವ ಬೆಲ್ಲ. ಕೂಸು ಹಟ ಮಾಡಿದರೆ ಬೆರಳಿಗೆ ಜೋನಿಬೆಲ್ಲ ಸವರಿ ಚೀಪಿಸುವುದು, ಇಲ್ಲದಿದ್ದರೆ ಜೇನುತುಪ್ಪ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಲೇಬಾರದು, ಹಲ್ಲಿನ ಮಾತು ಹಾಗಿರಲಿ, ಅದರಲ್ಲಿ ಇರಬಹುದಾದ ಒಂದು ರೋಗಾಣು ಎಳೆಗೂಸಿನ ನರಗಳನ್ನೇ ಸೋಲಿಸಿಬಿಡುತ್ತದೆ ಎಂದು ಮೇಡಂ ಹೇಳಿದಾಗ ಇಡೀ ಕೋಣೆ ಸುಮ್ಮನಾಯಿತು. ನಾನು ನನ್ನ ಇಬ್ಬರು ಮಕ್ಕಳಿಗೂ ಬಜೆ ತೇಯ್ದು ಜೇನಿನಲ್ಲಿ ಕೊಟ್ಟವಳು.

ಒಬ್ಬ ಹಾಲಕ್ಕಿ ಅಜ್ಜಿ ಎದ್ದು, “ಅಲ್ವೇ ತಂಗಿ, ಹಾಲ್ಹಲ್ಲು ಬಿದ್ದೇ ಹೋಗ್ತದಲೆ, ಬೀಳು ಹಲ್ಲಿಗೆ ಎಂತಾ ಔಷ್ದ?” ಎಂದಳು. ಸರಿಯಾದ ಪ್ರಶ್ನೆ. ನಾವೆಲ್ಲ ಬಿದ್ದ ಹಾಲುಹಲ್ಲನ್ನು ಸೆಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದು ಬೆಳೆದವರೇ. ವಿದ್ಯಾರ್ಥಿನಿಗೆ ಅಜ್ಜಿಯ ಮಾತು ಅರ್ಥವಾಗಲಿಲ್ಲ, ಕೇರಳದ ಹುಡುಗಿ. ನಾನು ಬಿಡಿಸಿ ಹೇಳಿದೆ. ಅವಳು ತನ್ನ ಅರೆಬರೆ ಕನ್ನಡದಲ್ಲಿ, ಎರಡು ಕೈಬೆರಳು ಜೋಡಿಸಿ ಹಲ್ಲಿನ ಸಾಲು ಮಾಡಿ ತೋರಿಸಿದಳು. ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ಆದರೆ ಹಿಂದಿನ ಹಾಲುದವಡೆ ಹತ್ತು ಹನ್ನೆರಡು ವರ್ಷದ ತನಕ ಅನ್ನ ಅಗಿಯಬೇಕು. ಕೆಳಗೆ ಬರುವ ಹಲ್ಲಿಗೆ ಜಾಗ ಕಾಯ್ದುಕೊಡುವುದೂ ಅದೇ. ಮೊದಲೇ ಕಿತ್ತರೆ ಪಕ್ಕದ ಹಲ್ಲು ವಾಲಿ ಜಾಗ ಮುಚ್ಚುತ್ತದೆ. ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದವಡೆಹಲ್ಲು ಬರುತ್ತದೆ. ತಾಯಂದಿರು ಅದನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಅದು ಜೀವಮಾನದ ಹಲ್ಲು. ಅಜ್ಜಿ ಕೇಳಿಸಿಕೊಂಡು, ಮೊಮ್ಮಗಳ ಬಾಯಿಗೆ ಬೆರಳು ಹಾಕಿ ತಾನೇ ಎಣಿಸತೊಡಗಿದಳು.

ಈಗ ನನ್ನ ಎದೆಯಲ್ಲಿರುವುದನ್ನು ಹೇಳುತ್ತೇನೆ. 31 ವರ್ಷ ನಾನು ಮಕ್ಕಳ ತೂಕ ನೋಡಿದೆ, ಎತ್ತರ ನೋಡಿದೆ, ತೋಳಿನ ಸುತ್ತಳತೆ ನೋಡಿದೆ. ಕಣ್ಣಿನ ರೆಪ್ಪೆ ಎಳೆದು ರಕ್ತ ಕಡಿಮೆಯೇ ಎಂದು ನೋಡಿದೆ. ಬಾಯಿ ನೋಡಲಿಲ್ಲ. ನನ್ನ ಕೇಂದ್ರದಲ್ಲಿ ಒಬ್ಬ ಹುಡುಗನಿದ್ದ, ಮೀನುಗಾರರ ಮನೆಯವನು, ಎರಡೂವರೆ ವರ್ಷ. ತೂಕದ ಚಾರ್ಟಿನಲ್ಲಿ ಅವನ ಚುಕ್ಕೆ ಹಸಿರಿನಿಂದ ಹಳದಿಗೆ ಇಳಿಯಿತು, ಆಮೇಲೆ ಅದಕ್ಕೂ ಕೆಳಗೆ. ತೋಳಿನ ಪಟ್ಟಿಯೂ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕೆಳಗೆ, ಕೆಂಪು ಬಣ್ಣದಲ್ಲೇ ನಿಲ್ಲುತ್ತಿತ್ತು. ಕೊಟ್ಟ ಅನ್ನವನ್ನು ಒಂದೇ ಬದಿಯ ಗಲ್ಲದಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದ, ನುಂಗುತ್ತಿರಲಿಲ್ಲ. ಮೊಟ್ಟೆ ಕೊಟ್ಟರೆ ಉಗಿಯುತ್ತಿದ್ದ. ನಾನು ಅವನ ತಾಯಿಯನ್ನು ಕರೆದು ಎಲ್ಲರ ಎದುರು ಬೈದೆ. “ಬೆಳಿಗ್ಗೆ ಬುಟ್ಟಿ ಹೊತ್ತು ಹೋದವಳು ಮಧ್ಯಾಹ್ನ ಬರ್ತಿ, ಕೂಸು ಉಂಡಿತೋ ಬಿಟ್ಟಿತೋ ನೋಡೋರ್ಯಾರು?” ಎಂದೆ. ಅವಳು ತಿರುಗಿ ಒಂದು ಮಾತಾಡಲಿಲ್ಲ. ಕೆಲವು ತಿಂಗಳಾದ ಮೇಲೆ ಹುಡುಗನಿಗೆ ಜ್ವರ ಬಂದು, ಗಲ್ಲ ಊದಿ ಕಣ್ಣು ಮುಚ್ಚುವ ಹಾಗಾಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಷ್ಟು ಸಣ್ಣ ಮಗುವನ್ನು ಎಚ್ಚರದಲ್ಲಿ ಮಲಗಿಸಿ ಹಲ್ಲು ಕೀಳಲು ಆಗುವುದಿಲ್ಲ, ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಎಂಟು ಹಲ್ಲು ತೆಗೆದರು. ಮನೆಯ ಬಲೆಯ ಪಾಲನ್ನು ಒತ್ತೆ ಇಟ್ಟು ಖರ್ಚು ಹೊಂದಿಸಿದರು. ವಾಪಸು ಬಂದ ಮೇಲೆ ಹುಡುಗ ಉಣ್ಣತೊಡಗಿದ, ಚುಕ್ಕೆ ಮೇಲೇರಿತು. ನೋವಿಗೆ ಉಣ್ಣುತ್ತಿರಲಿಲ್ಲ, ಅಷ್ಟೇ ಇದ್ದದ್ದು. ಮೂರು ಹೊತ್ತೂ ಅವನ ಎದುರು ಕೂತಿದ್ದ ನಾನು ತುಟಿ ಎತ್ತಿ ನೋಡಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಅವನ ತಾಯಿಯ ಮನೆಗೆ ಹೋಗಿ ನಾನು ಕ್ಷಮೆ ಕೇಳಿದ್ದು ಈ ಕ್ಲಿನಿಕ್ ಶುರುವಾದ ಮೇಲೆ, ಎರಡು ವರ್ಷದ ಹಿಂದೆ. ಬೀಗದ ಕೈ ನಾನೇ ಕೇಳಿ ಇಟ್ಟುಕೊಂಡದ್ದೂ ಆವತ್ತಿನಿಂದಲೇ.

ವಾರ್ನಿಷ್ ಬಗ್ಗೆ ಹೆದರಿಕೆ ಇರುವುದು ಸಹಜ. ಫ್ಲೋರೈಡ್ ಎಂದರೆ ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರು, ಕಲೆಬಿದ್ದ ಹಲ್ಲು, ಬಗ್ಗಿದ ಕಾಲು ನೆನಪಾಗುತ್ತವೆ. ಅದು ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಒಂದೂವರೆ ಮೀರಬಾರದು ಎಂದು ನಮ್ಮ ದೇಶದ ಮಾನದಂಡವೇ ಇದೆ. ಆ ಊರುಗಳಲ್ಲಿ ವರ್ಷಗಟ್ಟಲೆ ದಿನಾ ಅದಕ್ಕಿಂತ ಹೆಚ್ಚಿನದು ಹೊಟ್ಟೆಗೆ ಹೋಗಿದೆ. ವಾರ್ನಿಷ್ ಹಾಗಲ್ಲ. ಕೂಸಿಗೆ ಕಾಲು ಮಿಲಿಲೀಟರ್, ಹನಿಗಳ ಲೆಕ್ಕ. ಜೊಲ್ಲು ತಾಗಿದ ಕೂಡಲೇ ಅಂಟಿ ಗಟ್ಟಿಯಾಗುತ್ತದೆ, ಹಲ್ಲು ಒಂದು ದಿನ ಹಳದಿಯಾಗಿ ಕಾಣುತ್ತದೆ, ಮಾರನೇ ದಿನ ಹಲ್ಲುಜ್ಜಿದರೆ ಹೋಗುತ್ತದೆ. ಮನೆಯಲ್ಲಿ ಟೂತ್‌ಪೇಸ್ಟ್ ಆದರೆ ಮೂರು ವರ್ಷದೊಳಗಿನ ಕೂಸಿಗೆ ಒಂದು ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು. ಜಾಹೀರಾತಿನಲ್ಲಿ ಕುಂಚದುದ್ದಕ್ಕೂ ಹಾಕಿ ತೋರಿಸುವಷ್ಟು ಅಲ್ಲ. ಉಜ್ಜುವ ಕೈ ದೊಡ್ಡವರದ್ದೇ ಆಗಬೇಕು.

ಇನ್ನೂ ಎರಡು ಸಂಗತಿ ಅವರಿಂದ ಕಲಿತೆ, ಊರಿನ ಎಲ್ಲ ತಾಯಂದಿರಿಗೂ ತಲುಪಲಿ ಎಂದು ಬರೆಯುತ್ತೇನೆ. ಕಬ್ಬಿಣಾಂಶದ ಸಿರಪ್ ಕುಡಿದ ಮಕ್ಕಳ ಹಲ್ಲು ಕಪ್ಪಾಗುತ್ತದೆ, ಅದು ಹುಳುಕಲ್ಲ, ಮೇಲಿನ ಕಲೆ. ಅದಕ್ಕೆ ಹೆದರಿ ಸಿರಪ್ ನಿಲ್ಲಿಸಬಾರದು, ನಾಲಿಗೆಯ ಹಿಂಭಾಗಕ್ಕೆ ಹಾಕಿ ಮೇಲಿಂದ ನೀರು ಕುಡಿಸಿದರಾಯಿತು. ಇನ್ನೊಂದು, ಹಲ್ಲು ಬರುವಾಗ ಭೇದಿಯಾಗೇ ಆಗುತ್ತದೆ ಎಂದು ಕೂತುಬಿಡುವುದು. ಹಲ್ಲು ಬರುವ ವಯಸ್ಸೂ, ಕೂಸು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸೂ ಒಂದೇ. ಭೇದಿಯಾದರೆ ಓಆರ್‌ಎಸ್ ಕುಡಿಸಿ ಡಾಕ್ಟರಿಗೆ ತೋರಿಸಬೇಕು. ಹಲ್ಲಿನ ನೆಪದಲ್ಲಿ ಎರಡು ದಿನ ಕಾದು ಒಣಗಿಹೋದ ಕೂಸುಗಳನ್ನು ನಾನು ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಕಂಡಿದ್ದೇನೆ.

ವಿದ್ಯಾರ್ಥಿಗಳ ಕೆಲಸದಲ್ಲಿ ಕೊರತೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಬ್ಬ ಹುಡುಗ, ಪುಸ್ತಕದಲ್ಲಿ ಓದಿದ್ದನ್ನು ಹಾಗೇ ಹಿಡಿದುಕೊಂಡು, ಹತ್ತು ತಿಂಗಳ ಕೂಸಿನ ತಾಯಿಗೆ ರಾತ್ರಿ ಮೊಲೆ ಕೊಡುವುದನ್ನು ಇವತ್ತಿನಿಂದಲೇ ನಿಲ್ಲಿಸಿ ಎಂದುಬಿಟ್ಟ. ನಮ್ಮ ನರ್ಸಮ್ಮ ಅಲ್ಲೇ ಇದ್ದವರು ತಡೆದರು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ ಎರಡು ವರ್ಷದ ತನಕವೂ ಎದೆಹಾಲು ಎಂದು ನಾವು ಮನೆಮನೆಗೆ ಹೋಗಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರು. ಮೇಡಂ ಬಂದು ಹುಡುಗನನ್ನು ತಿದ್ದಿದರು. ಎದೆಹಾಲು ಬಿಡಿಸಬೇಡಿ, ಕುಡಿಸಿದ ಮೇಲೆ ಒದ್ದೆಬಟ್ಟೆಯಲ್ಲಿ ಹಲ್ಲು ಒರೆಸಿ, ಬಿಡಿಸಬೇಕಾದ್ದು ಬಾಟಲಿ ಎಂದರು. ಹುಡುಗ ಆ ತಾಯಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಕೇಳಿದ. ತಪ್ಪು ಮಾಡಿದ್ದಕ್ಕಿಂತ ನನಗೆ ಅದೇ ನೆನಪಿನಲ್ಲಿ ನಿಂತಿದೆ.

ಅವರೂ ನಮ್ಮಿಂದ ಕಲಿಯುತ್ತಾರೆ. ಬಾಟಲಿ ಬೇಡ, ಲೋಟದಲ್ಲಿ ಕುಡಿಸಿ ಎಂದು ಅವರು ಹೇಳುತ್ತಿದ್ದಾಗ ಒಬ್ಬ ಅಜ್ಜಿ ಮನೆಗೆ ಹೋಗಿ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು, ತಂದು ತೋರಿಸಿದಳು. ಹಳೆಯ ಹಿತ್ತಾಳೆಯದ್ದು, ಬಾಯಿ ಸವೆದಿತ್ತು. ನಾಲ್ಕು ತಲೆಮಾರು ಅದರಲ್ಲೇ ಹಾಲು ಕುಡಿದಿದ್ದೇವೆ ಎಂದಳು. ಹುಡುಗಿಯರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮುಂದಿನ ತಿಂಗಳಿನಿಂದ ಅವರ ಚಿತ್ರದ ಹಾಳೆಯಲ್ಲಿ ಲೋಟದ ಪಕ್ಕ ಒಳಲೆಯ ಚಿತ್ರವೂ ಬಂತು. ಬಾಟಲಿ ನಮ್ಮ ಮನೆಗಳಿಗೆ ಬಂದದ್ದು ನಮ್ಮ ಕಾಲದಲ್ಲೇ, ನಮ್ಮ ಕಣ್ಣೆದುರೇ.

ನನ್ನ ಚಿಂತೆ ಬೇರೆ. ಇದೆಲ್ಲ ನಿಂತಿರುವುದು ಆ ಮಕ್ಕಳ ಒಳ್ಳೆಯತನದ ಮೇಲೆ, ಆ ಒಬ್ಬ ಮೇಡಮ್ಮಿನ ಹಟದ ಮೇಲೆ. ವರ್ಷಕ್ಕೊಮ್ಮೆ ತಂಡ ಬದಲಾಗುತ್ತದೆ. ನನ್ನ ಮೊಮ್ಮಗುವನ್ನೇ ಮೂವರು ಬೇರೆ ಬೇರೆ ವಿದ್ಯಾರ್ಥಿಗಳು ನೋಡಿದ್ದಾರೆ, ಹಿಂದಿನವರು ಬರೆದದ್ದು ಮುಂದಿನವರ ಕೈಗೆ ಸಿಗುವುದಿಲ್ಲ. ಈಗ ನಾನೇ, ಕೂಸಿನ ತೂಕ, ಚುಚ್ಚುಮದ್ದು ಬರೆಯುವ ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ವಾರ್ನಿಷ್ ಹಾಕಿದ ದಿನ, ಗೆರೆ ಇತ್ತೇ ಇಲ್ಲವೇ ಎಂದು ಬರೆಸಿಡುತ್ತಿದ್ದೇನೆ. ಮಳೆಗಾಲದಲ್ಲಿ ಘಟ್ಟವನ್ನು ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ಈ ತಾಲೂಕಿನವರು ಯಾರೂ ಮರೆತಿಲ್ಲ, ಅಂಥ ದಿನಗಳಲ್ಲಿ ಪರರ ಮಕ್ಕಳನ್ನು ಬನ್ನಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು, ಭಾನುವಾರ. ಕಾಲೇಜಿಗೆ ರಜೆ ಎಂದು ಅವರು ಭಾನುವಾರ ಬರುತ್ತಾರೆ. ನಮ್ಮಲ್ಲಿ ಮೀನು ಅತಿ ಹೆಚ್ಚು ಖರ್ಚಾಗುವುದೇ ಭಾನುವಾರ. ಯಾರ ಕೂಸಿನ ಬಾಯಿಯನ್ನು ಮೊದಲು ನೋಡಬೇಕೋ ಆ ತಾಯಂದಿರು ಆ ಹೊತ್ತಿಗೆ ಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತಿರುತ್ತಾರೆ. ಭಾನುವಾರದ ವ್ಯಾಪಾರ ಬಿಟ್ಟು, ನೋವೇ ಇಲ್ಲದ ಕೂಸನ್ನು ಹಲ್ಲು ತೋರಿಸಲು ತಾ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಮೊದಲ ಭಾನುವಾರ ಬಂದದ್ದು ಮೂರೇ ಕೂಸು, ಅದರಲ್ಲಿ ಒಂದು ನನ್ನ ಮೊಮ್ಮಗು. ಈಗ ಹೆಚ್ಚು ಬರುತ್ತವೆ, ಆದರೆ ಮೀನುಗಾರರ ಕೇರಿಯಿಂದ ಬರುವುದು ಇವತ್ತಿಗೂ ಕಡಿಮೆ.

ಅದಕ್ಕೇ ನನ್ನ ಬೇಡಿಕೆ ಗುರುವಾರದ್ದು. ಗುರುವಾರ ನಮ್ಮ ಕಡೆ ಚುಚ್ಚುಮದ್ದಿನ ದಿನ. ವ್ಯಾಪಾರ ಇರಲಿ, ಮಳೆ ಇರಲಿ, ಒಂಬತ್ತನೆಯ ತಿಂಗಳ ದಡಾರದ ಸೂಜಿಗೆ ಕೂಸನ್ನು ಎತ್ತಿಕೊಂಡು ಉಪಕೇಂದ್ರಕ್ಕೆ ಬಾರದ ತಾಯಿ ಇಲ್ಲ. ಒಂಬತ್ತನೆಯ ತಿಂಗಳೆಂದರೆ ಮುಂದಿನ ಹಲ್ಲುಗಳು ಬರುತ್ತಿರುವ ಕಾಲ. ಅಲ್ಲಿಂದ ಐದು ವರ್ಷ ತುಂಬುವ ತನಕ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹನಿ ಹಾಕಿಸಲೂ ಬರುತ್ತಾರೆ, ಒಟ್ಟು ಒಂಬತ್ತು ಸಲ. ವಾರ್ನಿಷ್ ಹಾಕಬೇಕಾದ್ದೂ ಸುಮಾರು ಆರು ತಿಂಗಳಿಗೊಮ್ಮೆಯೇ. ಹೊಸ ಕಟ್ಟಡ ಬೇಡ, ಹೊಸ ದಿನ ಬೇಡ, ತಾಯಂದಿರನ್ನು ಹೊಸದಾಗಿ ಕರೆಯುವುದೂ ಬೇಡ. ಅದೇ ಸಾಲಿನ ಕೊನೆಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಸಾಕು.

ಹೀಗಾಗಲು ಎರಡು ಕಡೆಯವರು ಮನಸ್ಸು ಮಾಡಬೇಕು. ಕಾಲೇಜಿನವರು ಈ ಕೆಲಸವನ್ನು ರಜೆಯ ದಿನದ ಸೇವೆ ಎಂದು ಬಿಡದೆ ಇಂಟರ್ನ್‌ಶಿಪ್ಪಿನ ಹಳ್ಳಿಯ ಪಾಲಿಗೆ ಸೇರಿಸಿ, ತಿಂಗಳಿಗೊಂದು ಗುರುವಾರ ಕಳಿಸಿಕೊಡಬೇಕು. ಆಗ ಒಳ್ಳೆಯ ಮನಸ್ಸಿನವರು ಇರುವ ವರ್ಷ ನಡೆಯಿತು, ಇಲ್ಲದ ವರ್ಷ ನಿಂತಿತು ಎನ್ನುವ ಹಾಗಿರುವುದಿಲ್ಲ. ಇತ್ತ ಆರೋಗ್ಯ ಇಲಾಖೆಯವರು ಉಪಕೇಂದ್ರದ ನರ್ಸಮ್ಮ, ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ತುಟಿ ಎತ್ತಿ ನೋಡುವುದನ್ನು ಕಲಿಸಬೇಕು. ವಿದ್ಯಾರ್ಥಿಗಳು ಬಾರದ ತಿಂಗಳಲ್ಲೂ ಬಿಳಿ ಗೆರೆ ನಮ್ಮವರ ಕಣ್ಣಿಗೆ ಬೀಳಲಿ. ಕಷ್ಟದ ವಿದ್ಯೆಯಲ್ಲ, ಅರ್ಧ ದಿನದಲ್ಲಿ ನಾನು ಕಲಿತೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ, ಅವರು ನೋಡಬೇಕಾದ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ಆದರೆ ಅಂಗನವಾಡಿಯ ಚಾಪೆಯ ಮೇಲೆ ಕೂರುವ ವಯಸ್ಸಿಗೆ ಬಂದ ಮಗುವಿನ ಹಲ್ಲು ಎಷ್ಟೋ ಸಲ ಆಗಲೇ ಕಪ್ಪಾಗಿರುತ್ತದೆ. ಬಡ ವೃದ್ಧರಿಗೆ ಹಲ್ಲಿನ ಸೆಟ್ಟು ಕಟ್ಟಿಸಿಕೊಡಲು ನಮ್ಮ ಸರ್ಕಾರ ದಂತ ಭಾಗ್ಯ ತಂದಿದೆ, ನಮ್ಮೂರಿನ ಎಷ್ಟೋ ಮುದುಕರು ಅದರಿಂದ ಅನ್ನ ಅಗಿಯುತ್ತಿದ್ದಾರೆ, ಅದಕ್ಕೆ ನಾನು ಕೈಮುಗಿಯುತ್ತೇನೆ. ಮೊದಲ ಹಲ್ಲು ಮೂಡುತ್ತಿರುವ ಕೂಸಿನ ಕಡೆಗೂ ಅದೇ ಕಣ್ಣು ಹೊರಳಲಿ ಎನ್ನುವುದಷ್ಟೇ ನನ್ನ ಮಾತು.

ಮೇಡಂ ಒಮ್ಮೆ ಹೇಳಿದ್ದರು, ಬ್ರೆಜಿಲ್ ದೇಶದ ಲೊಂಡ್ರಿನಾ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ 1985ರಲ್ಲೇ ಕೂಸುಗಳಿಗೆಂದೇ ಹಲ್ಲಿನ ಕ್ಲಿನಿಕ್ ತೆರೆದರಂತೆ, ‘ಬೇಬೆ ಕ್ಲಿನಿಕಾ’ ಎಂದು ಹೆಸರು. ಹಲ್ಲು ಹಾಳಾಗುವ ಮೊದಲೇ, ವರ್ಷ ತುಂಬುವ ಒಳಗೇ ತಾಯಂದಿರು ಬರಬೇಕೆಂಬುದು ಅವರ ಕ್ರಮ. ಆ ವರ್ಷಗಳಲ್ಲಿ ಇಲ್ಲಿ ನಾವು ಮಕ್ಕಳಿಗೆ ಬೆಲ್ಲ ಚೀಪಿಸಿ ಮಲಗಿಸುತ್ತಿದ್ದೆವು, ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ವಾರದ ಪತ್ರ ಬರೆದವರಿಗೆ ನನ್ನದೊಂದು ಕೋರಿಕೆ. ದಯವಿಟ್ಟು ಒಂದು ದಿನ ಬನ್ನಿ. ನಿಮ್ಮ ಮನೆಯಲ್ಲಿ ಕೂಸಿದ್ದರೆ ಎತ್ತಿಕೊಂಡು ಬನ್ನಿ. ಬರುವ ಮೊದಲು ಹೊಟ್ಟೆ ಬಿರಿಯುವಷ್ಟು ಕುಡಿಸಬೇಡಿ, ಮಲಗಿಸಿದಾಗ ಕಕ್ಕಿಕೊಳ್ಳುತ್ತದೆ. ಅರ್ಧ ಗಂಟೆ ಮುಂಚೆ ಕುಡಿಸಿದ್ದರೆ ಸಾಕು. ತಾಯಿ ಕಾರ್ಡ್, ಒಂದು ಟವೆಲ್, ಮನೆಯಲ್ಲಿ ಕೂಸಿಗೆ ಉಣಿಸುವ ಅಜ್ಜಿ, ಮೂರೂ ಜೊತೆಗಿರಲಿ. ಗುರುವಾರವಾಗುವ ತನಕ ಭಾನುವಾರವೇ ನಡೆಯುತ್ತದೆ. ವಿದ್ಯಾರ್ಥಿಗಳ ಗಾಡಿ ಒಂಬತ್ತೂವರೆಗೆ ಬರುತ್ತದೆ, ನಾನು ಎಂಟೂವರೆಗೇ ಬಾಗಿಲು ತೆಗೆದಿರುತ್ತೇನೆ.

ಇಂತಿ ನಿಮ್ಮ ಓದುಗಳು,
ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಅಂಕೋಲಾ ತಾಲೂಕು, ಉತ್ತರ ಕನ್ನಡ